ನಾಮಫಲಕದ ಹಿಂದಿನ ಗಣಿತ

ಬೆಳಗಾವಿ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊರಟರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳು ಒಂದಾದ ಮೇಲೊಂದು ಸಿಕ್ಕುತ್ತವೆ. ಮೊದಲನೆಯದು 1824ರಲ್ಲಿ ರಾಣಿ ಚೆನ್ನಮ್ಮನು ಕಂಪನಿ ಸರಕಾರವನ್ನು ಇದಿರಿಸಿದ ಸ್ಥಳ. ಎರಡನೆಯದು ಆಕೆಯ ಸಮಾಧಿಯಿರುವ ಸ್ಥಳ. ಮೂರನೆಯದರ ಗುಡ್ಡದ ಮೇಲೆ ಎಲ್ಲಮ್ಮನ ಗುಡಿಯುಂಟು. ನಾಲ್ಕನೆಯದು ಮಲಪ್ರಭೆಯ ದಂಡೆಯಲ್ಲಿ ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿಯಾಗಿದ್ದ ಪಟ್ಟಣ. ಆದರೆ ಈ ಲೇಖನದಲ್ಲಿ ನಮಗೆ ಬೇಕಾದುದು ಊರುಗಳ ಚರಿತ್ರೆಯಲ್ಲ, ಅವುಗಳ ಹೆಸರುಗಳು ಮಾತ್ರ. ಈ ನಾಲ್ಕು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಬರೆದು, ಯಂತ್ರದಿಂದ ಕತ್ತರಿಸಿ, ಒಂದು ಫಲಕದ ಮೇಲೆ ಕೂಡಿಸಬೇಕಾಗಿದೆಯೆಂದು ಭಾವಿಸೋಣ. ಕನ್ನಡ ಲಿಪಿಯು ಯಂತ್ರಕ್ಕೆ ಒಡ್ಡುವ ತೊಡಕುಗಳಲ್ಲಿ ಮುಖ್ಯವಾದವೆಲ್ಲ ಈ ನಾಲ್ಕು ಹೆಸರುಗಳಲ್ಲಿಯೇ ಅಡಗಿವೆಯೆಂದರೆ ವಾಚಕರು ಅಚ್ಚರಿಪಡಬಾರದು.

ಹಿಂದೆ ಈ ಕೆಲಸವನ್ನು ಮಾಡುತ್ತಿದ್ದವನು ಪೇಂಟರನು. ಸೀಮೆಸುಣ್ಣದ ಪುಡಿ ಬಳಿದ ದಾರವನ್ನು ಬಿಗಿಯಾಗಿ ಹಿಡಿದು ಮಿಡಿದರೆ ಫಲಕದ ಮೇಲೆ ನೇರವಾದ ಗೆರೆ ಮೂಡುತ್ತಿತ್ತು. ಎರಡು ಗೆರೆಗಳ ನಡುವೆ ಅವನ ಕುಂಚ ಓಡುತ್ತಿತ್ತು. ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕೆಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಂದು ತಾಲೂಕು ಕೇಂದ್ರಗಳಲ್ಲೂ ಫ್ಲೆಕ್ಸ್ ಮುದ್ರಣ, ಅಕ್ರಿಲಿಕ್ ಅಕ್ಷರ, 'ರೇಡಿಯಂ ಕಟಿಂಗ್' ಎಂಬ ಮಾತುಗಳು ಮನೆಮಾತಾಗಿವೆ. ಪ್ರಾಸಂಗಿಕವಾಗಿ ಒಂದು ಮಾತು: ಈ 'ರೇಡಿಯಂ' ಹಾಳೆಗೂ ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಮೂಲವಸ್ತುವಿಗೂ ಯಾವ ನಂಟೂ ಇಲ್ಲ. ಅದು ಹಿಂಬದಿಗೆ ಅಂಟು ಬಳಿದ ಬಣ್ಣದ ಪ್ಲಾಸ್ಟಿಕ್ ಹಾಳೆ. ರಾತ್ರಿ ವಾಹನದ ಬೆಳಕಿಗೆ ಹೊಳೆಯುವ ಜಾತಿಯದಾದರೆ, ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಅದರಲ್ಲಿರುತ್ತವೆ, ಅಷ್ಟೆ.

ಒಮ್ಮೆ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕಾಗಿ ನಾವೇ ಒಂದು ಫಲಕದ ಚಿತ್ರವನ್ನು ಮನೆಯಲ್ಲಿ ಸಿದ್ಧಪಡಿಸಿ ಅಂಗಡಿಗೆ ಕೊಂಡೊಯ್ದೆವು. 'ಬೈಲಹೊಂಗಲ' ಎಂಬ ಹೆಸರು 3 ಮೀಟರು ಉದ್ದಕ್ಕೆ ಬರಬೇಕಾಗಿತ್ತು. ಅಳತೆಯನ್ನು ಬಾಯಲ್ಲಿ ಹೇಳದೆ, ಕಡತದಲ್ಲಿದ್ದಂತೆ ಕತ್ತರಿಸಿಕೊಡಿರೆಂದು ಹೇಳಿ ಬಂದೆವು. ಮಾರನೆಯ ದಿನ ಅಂಟಿಸಲು ತೊಡಗಿದಾಗ ಕೊನೆಯ 'ಲ' ಅಕ್ಷರವೂ 'ಗ'ದ ಒಂದಷ್ಟು ಭಾಗವೂ ಫಲಕದ ಹೊರಗೆ ಉಳಿದವು. ಸಾಲದುದಕ್ಕೆ 'ಹೊಂ' ಎಂಬಲ್ಲಿ ವ್ಯಂಜನವೂ ಸ್ವರಚಿಹ್ನೆಯೂ ಕೂಡುವ ಎಡೆಯಲ್ಲಿ ಒಂದು ತೂತು ಬಿದ್ದಿತ್ತು. ಹಾಳೆ ಹಾಳಾಯಿತು, ಹಣವೂ ಹೋಯಿತು. ತಪ್ಪು ಅಂಗಡಿಯವರದಾಗಿರಲಿಲ್ಲ, ನಮ್ಮದೇ. ಏಕೆ ಹೀಗಾಯಿತೆಂಬುದನ್ನು ಹುಡುಕುತ್ತ ಹೋದಂತೆ ನಮಗೆ ತಿಳಿದುಬಂದ ವಿಷಯಗಳನ್ನೇ ಇಲ್ಲಿ ನಿರೂಪಿಸುತ್ತೇವೆ.

ಕಂಪ್ಯೂಟರಿನಲ್ಲಿ ಚಿತ್ರವನ್ನು ಇಡಲು ಎರಡು ಬಗೆಗಳುಂಟು. ಒಂದು, ಚುಕ್ಕೆಗಳ ಚಿತ್ರ: ರಂಗೋಲಿಯಂತೆ ಸಾಲುಸಾಲಾಗಿ ಚುಕ್ಕೆಗಳು, ಪ್ರತಿಯೊಂದಕ್ಕೂ ಒಂದು ಬಣ್ಣ. ಫೋಟೋಗಳೆಲ್ಲ ಈ ಬಗೆಯವು. ಇದನ್ನು ಹಿಗ್ಗಿಸಿದರೆ ಚುಕ್ಕೆಗಳು ದಪ್ಪವಾಗಿ ಅಕ್ಷರದ ಅಂಚು ಮೆಟ್ಟಿಲಿನಂತೆ ಕಾಣುತ್ತದೆ. ಇನ್ನೊಂದು, ವೆಕ್ಟರ್ ಚಿತ್ರ. ಭೌತಶಾಸ್ತ್ರದ ವಿದ್ಯಾರ್ಥಿಗಳು ವೆಕ್ಟರ್ ಎಂದೊಡನೆ ಬಲ, ವೇಗಗಳಂಥ ಸದಿಶಗಳನ್ನು ನೆನೆಯುತ್ತಾರೆ. ಇಲ್ಲಿಯೂ ಅರ್ಥ ಬಹಳ ದೂರದ್ದೇನಲ್ಲ. ಚಿತ್ರವನ್ನು ಚುಕ್ಕೆಗಳಿಂದಲ್ಲದೆ, ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಇಂಥ ದಿಕ್ಕಿನಲ್ಲಿ ಸಾಗುವ ಗೆರೆಯೆಂದು ಹೇಳುವ ಕ್ರಮವಿದು. ಗೆರೆಯ ಸಮೀಕರಣವನ್ನೇ ಬರೆದಿಟ್ಟಿರುವುದರಿಂದ ಅಂಗೈಯಗಲಕ್ಕೂ ಗೋಡೆಯಗಲಕ್ಕೂ ಅದು ಒಂದೇ ಸಮನಾಗಿ ನುಣುಪಾಗಿರುತ್ತದೆ. ಕತ್ತರಿಸುವ ಯಂತ್ರಕ್ಕಂತೂ ಗೆರೆಯೇ ಬೇಕು. ಚುಕ್ಕೆಗಳ ಗುಂಪಿನ ಮೇಲೆ ಚಾಕು ಹೇಗೆ ತಾನೆ ಓಡೀತು?

ಬಾಗಿದ ಗೆರೆಯನ್ನು ಕೆಲವೇ ಅಂಕಿಗಳಲ್ಲಿ ಹೇಳುವ ವಿದ್ಯೆ ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ಹುಟ್ಟಿತು. ಸಿತ್ರೋಯೆನ್ ಸಂಸ್ಥೆಯಲ್ಲಿದ್ದ ಪಾಲ್ ದ ಕಾಸ್ತೆಲ್ಜೋ ಎಂಬವರು 1959ರಲ್ಲಿ ಇದನ್ನು ಕಂಡುಕೊಂಡರು. ಆದರೆ ಸಂಸ್ಥೆ ಅದನ್ನು ಗುಟ್ಟಾಗಿಟ್ಟಿತು. ರೆನೋ ಸಂಸ್ಥೆಯ ಪಿಯೇರ್ ಬೆಜಿಯೇ ಎಂಬವರು 1960ರ ದಶಕದಲ್ಲಿ ಇದನ್ನೇ ಬೇರೆ ದಾರಿಯಿಂದ ಮುಟ್ಟಿ ಪ್ರಕಟಿಸಿದರು. ಆದುದರಿಂದ ಅವರ ಹೆಸರೇ ನಿಂತಿತು. ಕಾರಿನ ಮೈಯ ಬಾಗನ್ನು ಹೇಳಲು ಹುಟ್ಟಿದ ಗೆರೆ ಇಂದು ನಮ್ಮ 'ಬೈ' ಅಕ್ಷರದ ಬಾಗನ್ನೂ ಹೇಳುತ್ತಿದೆ.

ವಿದ್ಯಾರ್ಥಿಗಳು ಇದನ್ನು ಗ್ರಾಫ್ ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. 'ಹೊಂ' ಎಂಬಲ್ಲಿನ ಅನುಸ್ವಾರದ ಹೊರಸುತ್ತು 100 ಮಿಲಿಮೀಟರು ತ್ರಿಜ್ಯದ ವೃತ್ತವೆನ್ನೋಣ. ಅದರ ಕಾಲು ಭಾಗಕ್ಕೆ ನಾಲ್ಕು ಬಿಂದುಗಳು ಸಾಕು: (100, 0), (100, 55.23), (55.23, 100), (0, 100). ಮೊದಲನೆಯದೂ ಕೊನೆಯದೂ ಗೆರೆಯ ಮೇಲಿವೆ. ನಡುವಿನ ಎರಡು ಗೆರೆಯ ಮೇಲಿಲ್ಲ, ಗಾಳಿಪಟದ ಸೂತ್ರದಂತೆ ಹೊರಗಿದ್ದುಕೊಂಡೇ ಗೆರೆಯನ್ನು ಎಳೆಯುತ್ತವೆ. ಅಕ್ಕಪಕ್ಕದ ಬಿಂದುಗಳ ನಡುಬಿಂದುಗಳನ್ನು ಗುರುತಿಸಿದರೆ ಮೂರು ಬಿಂದುಗಳು ದೊರೆಯುತ್ತವೆ. ಆ ಮೂರರ ನಡುಬಿಂದುಗಳು ಎರಡು. ಆ ಎರಡರ ನಡುಬಿಂದು ಒಂದು. ಲೆಕ್ಕ ಹಾಕಿದರೆ ಅದು (70.71, 70.71). ಮೂಲಬಿಂದುವಿನಿಂದ ಅದರ ದೂರ ಎಷ್ಟೆಂದು ಪೈಥಾಗೊರಸನ ಪ್ರಮೇಯದಿಂದ ನೋಡಿದರೆ ಸರಿಯಾಗಿ 100! ಬೆಜಿಯೇ ಗೆರೆ ನಿಜವಾದ ವೃತ್ತವಲ್ಲ. ಬೇರೆ ಎಡೆಗಳಲ್ಲಿ ಅದು ವೃತ್ತದಿಂದ ತುಸು ಹೊರಗೆ ಸರಿಯುತ್ತದೆ. ಆದರೆ ಆ ದೋಷ ತ್ರಿಜ್ಯದ ಶೇಕಡಾ 0.027ಕ್ಕಿಂತ ಹೆಚ್ಚಿಲ್ಲ. ನಮ್ಮ ಉಂಗುರದಲ್ಲಿ ಇದು 0.03 ಮಿಲಿಮೀಟರಿಗಿಂತ ಕಡಮೆ, ಕೂದಲೆಳೆಗಿಂತಲೂ ಸಣ್ಣದು.

ಹೀಗೆ ಒಂದು ಉಂಗುರಕ್ಕೆ ನಾಲ್ಕು ಸಂಧಿಬಿಂದುಗಳು ಸಾಕಾಗಿರುವಾಗ, ಕಾಗದದ ಮೇಲೆ ಬರೆದುದನ್ನು ಫೋಟೋ ತೆಗೆದು 'ಟ್ರೇಸ್' ಮಾಡಿಸಿದರೆ ಅದೇ ಉಂಗುರದ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಬಿಂದುಗಳು ಬಂದು ಕೂಡುತ್ತವೆ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಒಂದೇ ಅಲ್ಲ. ಪ್ರತಿ ಬಿಂದುವಿನಲ್ಲಿ ಗೆರೆಯ ದಿಕ್ಕು ತಟಕ್ಕನೆ ತುಸು ಬದಲಾಗುತ್ತದೆ. ದಿಕ್ಕು ತಟಕ್ಕನೆ ಬದಲಾಗಬೇಕಾದರೆ ಅನಂತವಾದ ವೇಗೋತ್ಕರ್ಷ ಬೇಕಾಗುವುದರಿಂದ ಯಂತ್ರವು ಅಲ್ಲಿ ವೇಗವನ್ನು ತಗ್ಗಿಸಿ, ತಿರುಗಿ, ಮತ್ತೆ ವೇಗ ಕೂಡಿಸಿಕೊಳ್ಳಬೇಕು. ಕೆಲಸ ನಿಧಾನವಾಗುತ್ತದೆ, ಅಂಚು ಗರಗಸದಂತೆ ಆಗುತ್ತದೆ. ಗೆರೆ ನುಣುಪಾಗಿದ್ದರೂ ಮಿತಿಯುಂಟು. ಚಾಕು ಸೆಕೆಂಡಿಗೆ 200 ಮಿಲಿಮೀಟರು ವೇಗದಲ್ಲಿ 2 ಮಿಲಿಮೀಟರು ತ್ರಿಜ್ಯದ ತಿರುವನ್ನು ಸುತ್ತಬೇಕಾದರೆ ಕೇಂದ್ರಾಭಿಮುಖ ವೇಗೋತ್ಕರ್ಷ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು, ಎಂದರೆ ಸೆಕೆಂಡಿನ ವರ್ಗಕ್ಕೆ 20 ಮೀಟರು. ಇದು ಗುರುತ್ವದ ಎರಡರಷ್ಟಕ್ಕೂ ಮಿಗಿಲು! ವೇಗವನ್ನು ಅರ್ಧ ಮಾಡಿದರೆ ಇದು ಕಾಲುಭಾಗಕ್ಕೆ ಇಳಿಯುತ್ತದೆ. ಇಂಗ್ಲಿಷಿನ ಎಲ್, ಟಿ ಮುಂತಾದ ನೇರಗೆರೆಯ ಅಕ್ಷರಗಳಿಗೆ ಹೊಂದಿಸಿದ ವೇಗವನ್ನೇ ಕನ್ನಡದ ಸುರುಳಿಗಳಿಗೂ ಇಟ್ಟರೆ ಹಾಳೆ ಹರಿಯುವುದು ಇದೇ ಕಾರಣದಿಂದ.

ಈಗ ತಂತ್ರಾಂಶಕ್ಕೆ ಬರೋಣ. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1989ರಲ್ಲಿ ಮೊದಲು ಹೊರಬಂದ ಕೋರೆಲ್ ಡ್ರಾ. ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇಂಕ್‌ಸ್ಕೇಪ್ ಎಂಬುದನ್ನು. 2003ರಿಂದ ಇರುವ ಇದು ಪುಕ್ಕಟೆ, ಮೇಲಾಗಿ ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು. ಯಾವುದಾದರೇನು, ತೆರೆದ ಕೂಡಲೆ ಬರೆಯಲು ತೊಡಗುವುದು ತಪ್ಪು. ಪೇಂಟರನು ಮೊದಲು ದಾರ ಹಿಡಿಯುತ್ತಿದ್ದನಷ್ಟೆ? ಇಲ್ಲಿಯೂ ಮೊದಲು ಅಳತೆ.

ಮಾನವನ್ನು ಮಿಲಿಮೀಟರಿಗೆ ಬದಲಾಯಿಸಿ, ಪುಟದ ಗಾತ್ರವನ್ನು ಫಲಕದ ನಿಜ ಗಾತ್ರಕ್ಕೆ ಇಡಬೇಕು. ಫಲಕ ತೀರ ದೊಡ್ಡದಾದರೆ ಹತ್ತರಲ್ಲಿ ಒಂದು ಪ್ರಮಾಣವನ್ನು ಆರಿಸಿ ಅದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಬೇಕು. ನಮ್ಮ 'ಲ' ಫಲಕದ ಹೊರಗೆ ಉಳಿದ ಗುಟ್ಟು ಇಲ್ಲಿಯೇ ಇದೆ. ವೆಕ್ಟರ್ ಚಿತ್ರವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಬಳಸುವ ಎಸ್‌ವಿಜಿ ಕಡತದಲ್ಲಿ ಅಳತೆಯು ಹಲವು ವೇಳೆ ಬರಿಯ ಅಂಕಿಯಾಗಿರುತ್ತದೆ, ಮಾನವಿರುವುದಿಲ್ಲ. ಅಂಗುಲಕ್ಕೆ 96 ಎಂದು ಒಂದು ತಂತ್ರಾಂಶ ಬರೆದುದನ್ನು ಅಂಗುಲಕ್ಕೆ 72 ಎಂದು ಇನ್ನೊಂದು ಓದಿದರೆ ಎಲ್ಲವೂ 96ನ್ನು 72ರಿಂದ ಭಾಗಿಸಿದಷ್ಟು, ಎಂದರೆ ಮೂರರ ಕಡೆ ನಾಲ್ಕರಷ್ಟು ಹಿಗ್ಗುತ್ತದೆ. 3 ಮೀಟರಿನ ಹೆಸರು 4 ಮೀಟರಾಯಿತು! ಇಂಕ್‌ಸ್ಕೇಪ್ ಕೂಡ 2017ರವರೆಗೆ ಅಂಗುಲಕ್ಕೆ 90 ಎಂದು ಎಣಿಸುತ್ತಿದ್ದು ಆ ವರ್ಷ 96ಕ್ಕೆ ಬದಲಾಯಿತು. ಆದುದರಿಂದ ಅದರ ಹಳೆಯ ಕಡತಗಳನ್ನು ತೆರೆಯುವಾಗ ಎಚ್ಚರ ಬೇಕು. ಭೌತಶಾಸ್ತ್ರದ ಪ್ರಾಯೋಗಿಕ ಪುಸ್ತಕದಲ್ಲಿ ಮಾನ ಬರೆಯದ ವಿದ್ಯಾರ್ಥಿಗಳ ಅಂಕ ಕಳೆಯುವ ನಾವೇ ಈ ತಪ್ಪು ಮಾಡಿದೆವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪರಿಹಾರ ಸುಲಭ. ಕಡತದ ಒಂದು ಮೂಲೆಯಲ್ಲಿ 100 ಮಿಲಿಮೀಟರಿನ ಚೌಕವೊಂದನ್ನು ಬರೆದಿಟ್ಟರೆ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಮೊದಲು ಆ ಚೌಕವನ್ನು ಅಳೆದು ನೋಡಬಹುದು.

ಎರಡನೆಯದಾಗಿ ಮಾರ್ಗದರ್ಶಕ ಗೆರೆಗಳು. ತಂತ್ರಾಂಶಗಳೆಲ್ಲ ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಅವು ತಾವಾಗಿ ಕೊಡುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. 'ಕಿತ್ತೂರು', 'ಸವದತ್ತಿ' ಎಂಬವನ್ನು ನೋಡಿ. ಮೇಲೆ ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ತಕಾರದ ಒತ್ತು: ಹೀಗೆ ಮೂರು ಅಂತಸ್ತು. ಎರಡು ಅಂತಸ್ತಿನ ಲೆಕ್ಕದಲ್ಲಿ ಎರಡನೆಯ ಸಾಲನ್ನು ಬರೆದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿನ ಮೇಲೆ ಬಂದು ಕೂಡುತ್ತದೆ. ಆದಕಾರಣ ತಲೆಕಟ್ಟಿಗೊಂದು, ಒಡಲಿನ ಪಾದಕ್ಕೊಂದು, ಒತ್ತಿನ ತಳಕ್ಕೊಂದು, ಗುಡಿಸಿನ ನೆತ್ತಿಗೊಂದು, ಹೀಗೆ ನಾಲ್ಕು ಗೆರೆಗಳನ್ನು ಮೊದಲೇ ಎಳೆದು ಬೀಗ ಹಾಕಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. 1200 ಮಿಲಿಮೀಟರು ಎತ್ತರದ ಫಲಕದಲ್ಲಿ ಇದು 720 ಮಿಲಿಮೀಟರು. ಈ ಜಾಗದಲ್ಲಿಯೇ ಗುಡಿಸೂ ಒತ್ತೂ ಸೇರಬೇಕಾದುದರಿಂದ ಒಡಲಿಗೆ ಉಳಿಯುವುದು ಬಹಳ ಕಡಮೆ. ಕೆಳಗೆ ಬರುವ ಇಂಗ್ಲಿಷಿಗೆ ಈ ತೊಂದರೆಯಿಲ್ಲದ ಕಾರಣ, ಲೆಕ್ಕದಲ್ಲಿ 60 ಇದ್ದರೂ ಕಣ್ಣಿಗೆ ಇಂಗ್ಲಿಷೇ ದೊಡ್ಡದಾಗಿ ಕಾಣುವ ಫಲಕಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನಾಲ್ಕು ಗೆರೆಗಳನ್ನು ಎಳೆದುಕೊಂಡು ಒಡಲು ಒಡಲನ್ನೇ ಹೋಲಿಸಿ ನೋಡಿದರೆ ಈ ದೋಷ ಬರೆಯುವ ಮೊದಲೇ ಗೊತ್ತಾಗುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕೆಂಬುದನ್ನು ನಿರ್ಣಯಿಸುವುದು ಕಣ್ಣು. ಆರೋಗ್ಯವಂತ ಕಣ್ಣು ಬೇರೆಬೇರೆಯಾಗಿ ಕಾಣಬಲ್ಲ ಎರಡು ಗೆರೆಗಳ ನಡುವಿನ ಕೋನ ಸುಮಾರು 1 ಮಿನಿಟು, ಎಂದರೆ ಡಿಗ್ರಿಯ 60ನೆಯ ಒಂದು ಭಾಗ. 30 ಮೀಟರು ದೂರದಲ್ಲಿ ಇದಕ್ಕೆ ಸಮನಾದ ಅಳತೆ 8.7 ಮಿಲಿಮೀಟರು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸೀಳು ಮಾತ್ರ. ಸವದತ್ತಿಯಿಂದ ಧಾರವಾಡಕ್ಕೆ ದಾರಿ ತೋರಿಸುವ ಫಲಕದಲ್ಲಿ ಆ ಸೀಳು 4 ಮಿಲಿಮೀಟರಿನದಾಗಿದ್ದರೆ 30 ಮೀಟರು ದೂರದ ಪ್ರಯಾಣಿಕನಿಗೆ ಅದು 'ದಾರವಾಡ'ವೇ. ಪರದೆಗೆ ಮೂಗು ತಾಗಿಸಿ ಕುಳಿತವನಿಗೆ ಇದು ಹೊಳೆಯುವುದಿಲ್ಲ. ಕೊಬ್ಬಿದ ಅಕ್ಷರವಿನ್ಯಾಸ ದೂರಕ್ಕೆ ಚೆನ್ನಾಗಿ ಕಾಣುತ್ತದೆಂಬ ನಂಬಿಕೆ ಇಂಗ್ಲಿಷಿನ ಮಟ್ಟಿಗೆ ಕೆಲಮಟ್ಟಿಗೆ ಸರಿ; ಕನ್ನಡದಲ್ಲಿ ಒಡಲು ಕೊಬ್ಬಿದಷ್ಟೂ ಸೀಳುಗಳೂ ಒಳಗಿನ ಬಯಲುಗಳೂ ಮುಚ್ಚಿಹೋಗುತ್ತವೆ.

ಇನ್ನು ಲಿಪಿಯ ಸಂಕೇತ. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ಒಂದೊಂದು ಸಂಖ್ಯೆಯುಂಟು. 'ರಾಮದುರ್ಗ' ಎಂಬುದು ಕಂಪ್ಯೂಟರಿಗೆ ರ, ಆಕಾರದ ಚಿಹ್ನೆ, ಮ, ದ, ಉಕಾರದ ಚಿಹ್ನೆ, ರ, ಹಲಂತ, ಗ ಎಂಬ ಎಂಟು ಸಂಖ್ಯೆಗಳ ಸಾಲು. ಉಚ್ಚಾರದಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಬರಹದಲ್ಲಿ ಗಕಾರ ಮೊದಲು, ಅರ್ಕಾವೊತ್ತು ಆಮೇಲೆ. ಈ ಸ್ಥಾನಪಲ್ಲಟವನ್ನು ಮಾಡುವುದು ತಂತ್ರಾಂಶದ ಹೊಣೆ. ಇಂಕ್‌ಸ್ಕೇಪ್ ಇದನ್ನು ಸರಿಯಾಗಿ ಮಾಡುತ್ತದೆ. ಹಳೆಯ ಚಿತ್ರತಂತ್ರಾಂಶಗಳು ಮಾಡುತ್ತಿರಲಿಲ್ಲ. ಕಿತ್ತೂರು ಅವುಗಳಲ್ಲಿ 'ಕಿತ್‌ತೂರು' ಆಗುತ್ತಿತ್ತು. ಆದುದರಿಂದಲೇ ಅಂಗಡಿಗಳು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳನ್ನು ನೆಚ್ಚಿಕೊಂಡವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿರುತ್ತದೆ. ಅದೇ ವಿನ್ಯಾಸ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಊರಿನ ಹೆಸರಿನ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಂಗಡಿಗೆ ಕಳಿಸುವ ಮೊದಲು ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸುವುದು ಇದಕ್ಕೆ ಮದ್ದು. ಕೋರೆಲ್ ಡ್ರಾದಲ್ಲಿ ಕಂಟ್ರೋಲ್ ಜತೆಗೆ ಕ್ಯೂ ಒತ್ತಿದರೆ, ಇಂಕ್‌ಸ್ಕೇಪಿನಲ್ಲಿ ಶಿಫ್ಟ್, ಕಂಟ್ರೋಲ್‌ಗಳ ಜತೆಗೆ ಸಿ ಒತ್ತಿದರೆ ಅಕ್ಷರ ಬರಿಯ ಬೆಜಿಯೇ ಗೆರೆಯಾಗುತ್ತದೆ. ಅನಂತರ ಅದರ ಕಾಗುಣಿತವನ್ನು ತಿದ್ದಲು ಬರುವುದಿಲ್ಲ. ಆದಕಾರಣ ಮೂಲ ಬರಹದ ಒಂದು ಪ್ರತಿಯನ್ನು ಬೇರೊಂದು ಪದರದಲ್ಲಿ, ಮುದ್ರಣಕ್ಕೆ ಹೋಗದಂತೆ ಇಟ್ಟಿರತಕ್ಕದ್ದು.

'ಹೊಂ' ಅಕ್ಷರದಲ್ಲಿ ಬಿದ್ದ ತೂತಿನ ವಿಚಾರ ಇನ್ನೂ ಉಳಿದಿದೆ. ಗೆರೆಗಳ ಜಾಲದಲ್ಲಿ ಯಾವುದು ಒಳಗು, ಯಾವುದು ಹೊರಗು ಎಂಬುದನ್ನು ತಂತ್ರಾಂಶ ಹೇಗೆ ತಿಳಿಯುತ್ತದೆ? ಒಂದು ಕ್ರಮ ಹೀಗೆ. ಬಿಂದುವಿನಿಂದ ದೂರಕ್ಕೆ ಒಂದು ಕಿರಣವನ್ನು ಎಳೆದು, ಅದು ಎಷ್ಟು ಗೆರೆಗಳನ್ನು ದಾಟುತ್ತದೆಂದು ಎಣಿಸಬೇಕು. ಬೆಸ ಸಂಖ್ಯೆಯಾದರೆ ಒಳಗು, ಸಮವಾದರೆ ಹೊರಗು. ಅನುಸ್ವಾರದ ಉಂಗುರದ ನಡುವಿನಿಂದ ಹೊರಟ ಕಿರಣ ಒಳಸುತ್ತನ್ನೂ ಹೊರಸುತ್ತನ್ನೂ ದಾಟುತ್ತದೆ. ಎರಡು, ಆದುದರಿಂದ ಅದು ಬಯಲು. ಸರಿಯೇ. ಆದರೆ ಅನೇಕ ಅಕ್ಷರವಿನ್ಯಾಸಗಳಲ್ಲಿ ವ್ಯಂಜನವೂ ಸ್ವರಚಿಹ್ನೆಯೂ ಬೇರೆಬೇರೆ ತುಂಡುಗಳಾಗಿದ್ದು, ಕೂಡುವೆಡೆಯಲ್ಲಿ ಒಂದರ ಮೇಲೊಂದು ತುಸು ಹೊದ್ದುಕೊಂಡಿರುತ್ತವೆ. ಆ ಹೊದ್ದ ಭಾಗದಿಂದ ಹೊರಟ ಕಿರಣವೂ ಎರಡು ಗೆರೆಗಳನ್ನು ದಾಟುತ್ತದೆ! ತಂತ್ರಾಂಶ ಅದನ್ನೂ ಬಯಲೆಂದು ತಿಳಿಯುತ್ತದೆ. ಕೋರೆಲ್ ಡ್ರಾದಲ್ಲಿ 'ಕಂಬೈನ್' ಎಂಬ ಆಜ್ಞೆ ಮಾಡುವುದು ಇದನ್ನೇ. ನಾವು ಒತ್ತಿದ್ದೂ ಅದನ್ನೇ. ಒತ್ತಬೇಕಾಗಿದ್ದುದು 'ವೆಲ್ಡ್'. ಇಂಕ್‌ಸ್ಕೇಪಿನಲ್ಲಿ ಇದರ ಹೆಸರು 'ಯೂನಿಯನ್'. ಇದು ಹೊದ್ದ ಭಾಗದ ಒಳಗೆರೆಗಳನ್ನು ಅಳಿಸಿ ಎರಡು ತುಂಡುಗಳಿಗೂ ಒಂದೇ ಹೊರಗೆರೆಯನ್ನು ಕೊಡುತ್ತದೆ. ಗಣಿತದಲ್ಲಿ ಗಣಗಳ ಸಂಯೋಗವೆಂದು ಓದುವುದು ಇದೇ. ಬೆಸುಗೆ ಸರಿಯಾಯಿತೆ ಎಂದು ನೋಡಲು ಬಣ್ಣವನ್ನೆಲ್ಲ ಮರೆಮಾಡಿ ಗೆರೆಗಳನ್ನು ಮಾತ್ರ ತೋರಿಸುವ ನೋಟವೊಂದು ಎಲ್ಲ ತಂತ್ರಾಂಶಗಳಲ್ಲೂ ಇರುತ್ತದೆ. ಕತ್ತರಿಸಲು ಕಳಿಸುವ ಮೊದಲು ಆ ನೋಟದಲ್ಲಿ ಒಮ್ಮೆ ಕಣ್ಣಾಡಿಸಿದರೆ, ಚಾಕುವಿಗೆ ಕಾಣುವುದೇ ನಮಗೂ ಕಾಣುತ್ತದೆ.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪರದೆ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ, ಮುದ್ರಣದ ಶಾಯಿ ಬೆಳಕನ್ನು ಕಳೆದು ಮಾಡುತ್ತದೆ; ಪರದೆಯಲ್ಲಿ ಕಂಡ ಹೊಳಪು ಫ್ಲೆಕ್ಸಿನಲ್ಲಿ ಬಾರದೆಂದು ತಿಳಿದಿದ್ದರೆ ಸಾಕು. ಕತ್ತರಿಸುವ ಗೆರೆಗಳಿಗೆ ಮಾತ್ರ ಬಣ್ಣವೊಂದು ಸಂಜ್ಞೆ. ಒಳಗೆರೆಗಳಿಗೆ ಒಂದು ಬಣ್ಣ, ಹೊರಗೆರೆಗಳಿಗೆ ಇನ್ನೊಂದು ಎಂದು ಗೊತ್ತುಮಾಡಿಕೊಂಡು, ಒಳಗಿನವನ್ನು ಮೊದಲು ಕತ್ತರಿಸುವಂತೆ ಯಂತ್ರಕ್ಕೆ ತಿಳಿಸಬೇಕು. ಹೊರಗೆರೆಯನ್ನು ಮೊದಲು ಕತ್ತರಿಸಿದರೆ ಅಕ್ರಿಲಿಕ್ ತುಂಡು ಬಿಡಿಯಾಗಿ ತುಸು ಅಲುಗಿ, ಅನುಸ್ವಾರದ ತೂತು ಉಂಗುರದ ನಡುವೆ ಬೀಳದೆ ಒಂದು ಬದಿಗೆ ಸರಿಯುತ್ತದೆ.

ಇಷ್ಟೆಲ್ಲವನ್ನು ಪ್ರತಿ ಫಲಕಕ್ಕೂ ಹೊಸದಾಗಿ ಮಾಡಬೇಕೇ ಎಂದು ವಾಚಕರು ಕೇಳಬಹುದು. ಬೇಕಿಲ್ಲ. ಮಿಲಿಮೀಟರಿನ ಮಾನ, 100 ಮಿಲಿಮೀಟರಿನ ಚೌಕ, ನಾಲ್ಕು ಗೆರೆಗಳು, ಪದರಗಳು, ಗೆರೆಯ ಬಣ್ಣಗಳು ಇವೆಲ್ಲವನ್ನೂ ಒಮ್ಮೆ ಹೊಂದಿಸಿ ಬರಿಯ ಕಡತವನ್ನು ಮಾದರಿಯೆಂದು ಉಳಿಸಿಕೊಂಡರೆ, ಮುಂದಿನ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ. ನಮ್ಮ ಮಾದರಿ ಕಡತದಲ್ಲಿ ಈ ನಾಲ್ಕು ಊರುಗಳ ಹೆಸರುಗಳನ್ನೂ ಬರೆದಿಟ್ಟಿದ್ದೇವೆ. ಹೊಸ ಅಕ್ಷರವಿನ್ಯಾಸ ದೊರೆತಾಗ ಮೊದಲು ಇವುಗಳ ಮೇಲೆ ಅದನ್ನು ಪ್ರಯೋಗಿಸುತ್ತೇವೆ: ಬೈಲಹೊಂಗಲದಲ್ಲಿ ಬೆಸುಗೆ ಹೇಗಿದೆ, ಕಿತ್ತೂರು ಸವದತ್ತಿಗಳಲ್ಲಿ ಒತ್ತು ಎಷ್ಟು ಕೆಳಗಿಳಿಯುತ್ತದೆ, ರಾಮದುರ್ಗದ ಅರ್ಕಾವೊತ್ತು ತನ್ನ ಎಡೆಯಲ್ಲಿದೆಯೆ ಎಂದು ನೋಡಲು ಎರಡು ನಿಮಿಷವೂ ಹಿಡಿಯುವುದಿಲ್ಲ.

ಕೊನೆಯದಾಗಿ ಕೂಡಿಸುವವನ ಕಷ್ಟ. ಅಕ್ರಿಲಿಕ್‌ನಲ್ಲಿ ಕತ್ತರಿಸಿದ 'ಕಿತ್ತೂರು' ಒಂದೇ ತುಂಡಾಗಿ ಬರುವುದಿಲ್ಲ. ತಕಾರದ ಒತ್ತು ಬಿಡಿ ತುಂಡಾಗಿ ಕೈಗೆ ಬರುತ್ತದೆ. ಅದರ ತಲೆ ಯಾವುದು, ಬುಡ ಯಾವುದು ಎಂಬುದು ಏಣಿಯ ಮೇಲೆ ನಿಂತವನಿಗೆ ತಟ್ಟನೆ ತಿಳಿಯದು. ಒತ್ತು ತಲೆಕೆಳಗಾಗಿ ಅಂಟಿಕೊಂಡ ಫಲಕಗಳೂ ಇಲ್ಲದಿಲ್ಲ. ಅದೇ ಕಡತದಿಂದ ಹೊರಗೆರೆಗಳನ್ನು ಮಾತ್ರ ಪೂರ್ಣ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ, ಪ್ರತಿಯೊಂದು ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ತುಂಡಿನ ಹಿಂಬದಿಗೆ ಬರೆದರೆ ಈ ತೊಡಕಿಲ್ಲ. ಮರುವರ್ಷದ ಪ್ರದರ್ಶನಕ್ಕೆ ನಾವು ಹೀಗೆ ಮಾಡಿದೆವು. ಕಾಗದವನ್ನು ಫಲಕದ ಮೇಲೆ ಹಚ್ಚಿ, ಮೊದಲು ಮೂಲೆಯ ಚೌಕದ ಮೇಲೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು ನೋಡಿದೆವು. ಸರಿಯಾಗಿ 100 ಮಿಲಿಮೀಟರು ಇತ್ತು. ಅನಂತರವೇ ಅಂಟಿನ ಡಬ್ಬಿಯನ್ನು ತೆರೆದೆವು.